ಕಾರಿಗೆ ದೊಡ್ಡ ಬ್ರೇಕ್ ಹಾಕಿಸಬೇಕಾ? ದುಡ್ಡು ಕೊಡುವ ಮುಂಚೆ ತಿಳಿದಿರಬೇಕಾದ್ದು

ಉದ್ದನೆಯ ಇಳಿಜಾರು. ಕಾರಿನ ತುಂಬ ಜನ, ಡಿಕ್ಕಿಯ ತುಂಬ ಲಗೇಜು. ತಿರುವು ಬಂದಾಗಲೆಲ್ಲ ಬ್ರೇಕ್ ತುಳಿಯುತ್ತಾ ಹತ್ತು ನಿಮಿಷ ಇಳಿದಿದ್ದೀರಿ. ಇನ್ನೊಂದು ತಿರುವು ಬಂತು. ಈ ಸಲ ಪೆಡಲ್ ಯಾವತ್ತಿಗಿಂತ ಜಾಸ್ತಿ ಕೆಳಗೆ ಹೋಯಿತು. ಸುಟ್ಟ ವಾಸನೆ ಬಂತು. ನೀವಂದುಕೊಂಡ ಜಾಗ ದಾಟಿ ಕಾರು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತು ರಾತ್ರಿ ನಿದ್ದೆ ಬರದೆ ಫೋನ್ ಹಿಡಿದು ಕೂತಿರಿ. ಕೆಂಪು ಕ್ಯಾಲಿಪರ್, ತೂತು ಕೊರೆದ ಡಿಸ್ಕ್, ಆರು ಪಿಸ್ಟನ್, ಸ್ಟೀಲ್ ಹೋಸ್ ಅಂತ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಎಲ್ಲದರ ಮಾತೂ ಒಂದೇ: ಕಾರು ಬೇಗ ನಿಲ್ಲುತ್ತದೆ.

ಇವುಗಳಲ್ಲಿ ಯಾವುದು ಏನು ಮಾಡುತ್ತದೆ ಅಂತ ಗೊತ್ತಿಲ್ಲದೆ ಕೊಂಡರೆ ದುಡ್ಡು ಹೋಗುವುದಷ್ಟೇ ಅಲ್ಲ, ಕಾರು ಮೊದಲಿಗಿಂತ ಕೆಟ್ಟದಾಗಿ ನಿಲ್ಲಲೂಬಹುದು. ಹಾಗಾಗಿ ಬುಡದಿಂದಲೇ ಶುರು ಮಾಡೋಣ.

## ಬ್ರೇಕ್ ಅಂದರೆ ಬಿಸಿಯ ಲೆಕ್ಕ

ಓಡುವ ಕಾರಿನಲ್ಲಿ ಶಕ್ತಿ ತುಂಬಿರುತ್ತದೆ. ಕಾರು ನಿಲ್ಲಬೇಕಾದರೆ ಆ ಶಕ್ತಿ ಎಲ್ಲಾದರೂ ಹೋಗಲೇಬೇಕು. ಬ್ರೇಕ್ ಅದನ್ನು ಬಿಸಿಯಾಗಿ ಬದಲಾಯಿಸುತ್ತದೆ. ಚಳಿಯಲ್ಲಿ ಎರಡು ಅಂಗೈ ಉಜ್ಜಿಕೊಂಡರೆ ಬೆಚ್ಚಗಾಗುತ್ತದೆ ಅಲ್ವಾ, ಅದೇ ಕೆಲಸ. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕ್. ಅದನ್ನು ಎರಡೂ ಬದಿಯಿಂದ ಉಜ್ಜುವುದು ಪ್ಯಾಡ್. ಪ್ಯಾಡನ್ನು ಇಕ್ಕಳದ ಹಾಗೆ ಅದುಮುವ ಭಾಗ ಕ್ಯಾಲಿಪರ್. ನೀವು ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಅನ್ನುವ ಪುಟ್ಟ ಪಂಪು ಬ್ರೇಕ್ ಆಯಿಲನ್ನು ಪೈಪುಗಳಲ್ಲಿ ಒತ್ತುತ್ತದೆ. ಆ ಒತ್ತಡ ಕ್ಯಾಲಿಪರ್ ಒಳಗಿನ ಪಿಸ್ಟನ್‌ಗಳನ್ನು ಹೊರಗೆ ತಳ್ಳುತ್ತದೆ.

ಎಷ್ಟು ಬಿಸಿ? 1,200 ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಪೂರ್ತಿ ನಿಂತರೆ ಹುಟ್ಟುವ ಬಿಸಿಯಲ್ಲಿ ಸುಮಾರು ಒಂದೂವರೆ ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಒಲೆಯ ಮೇಲೆ ಇದಕ್ಕೆ ಹಲವು ನಿಮಿಷ ಬೇಕು. ಜೋರಾಗಿ ಬ್ರೇಕ್ ಹೊಡೆದರೆ ಮೂರ್ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ. ವೇಗ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಈ ಬಿಸಿಯ ದೊಡ್ಡ ಪಾಲು ಬೀಳುವುದು ಮುಂದಿನ ಎರಡು ಚಕ್ರಗಳ ಮೇಲೆ. ಅದಕ್ಕೇ ಮುಂದೆ ದೊಡ್ಡ ಡಿಸ್ಕ್, ಹಿಂದೆ ಸಣ್ಣದು ಅಥವಾ ಡ್ರಮ್.

ಡ್ರಮ್ ಅಂದರೆ ಮುಚ್ಚಿದ ಡಬ್ಬಿ, ಬಿಸಿ ಒಳಗೇ ಉಳಿಯುತ್ತದೆ. ಡಿಸ್ಕ್ ಗಾಳಿಗೆ ತೆರೆದಿರುತ್ತದೆ. 1953ರಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ರೇಸನ್ನು ಜಾಗ್ವಾರ್ ಸಿ-ಟೈಪ್ ಗೆದ್ದಾಗ ಅದರಲ್ಲಿದ್ದದ್ದು ಡನ್‌ಲಪ್ ಡಿಸ್ಕ್ ಬ್ರೇಕ್. ಸುತ್ತಿನ ಮೇಲೆ ಸುತ್ತು ಹೊಡೆದರೂ ಅದರ ಬ್ರೇಕ್ ಸೋಲಲಿಲ್ಲ. ಡಿಸ್ಕ್‌ನ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಹತ್ತನೇ ಸಲವೂ ಅದು ಮೊದಲ ಸಲದಷ್ಟೇ ಚೆನ್ನಾಗಿ ಹಿಡಿಯುತ್ತದೆ. ಬ್ರೇಕ್ ಅಪ್‌ಗ್ರೇಡ್ ಬಗ್ಗೆ ಯೋಚಿಸುವಾಗ ಈ ಮಾತು ತಲೆಯಲ್ಲಿರಲಿ.

## ಕಾರನ್ನು ನಿಲ್ಲಿಸುವುದು ಟೈರು

ಬ್ರೇಕ್ ನಿಲ್ಲಿಸುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಒದ್ದೆ ನೆಲದ ಮೇಲೆ ಓಡಿ ನೋಡಿ. ಕಾಲಲ್ಲಿ ಎಷ್ಟೇ ಬಲವಿದ್ದರೂ ಜಾರುತ್ತದೆ.

ನಿಮ್ಮ ಕಾರಿನ ಬ್ರೇಕ್‌ಗೆ ಸಾಕಷ್ಟು ಬಲ ಇದೆಯಾ ಅಂತ ತಿಳಿಯಲು ಒಂದು ದಾರಿ ಇದೆ. ಒಣಗಿದ, ಯಾರೂ ಇಲ್ಲದ, ಹಿಂದೆ ಮುಂದೆ ವಾಹನ ಬಾರದ ಜಾಗದಲ್ಲಿ 50 ಕಿಲೋಮೀಟರ್ ವೇಗದಿಂದ ಗಟ್ಟಿಯಾಗಿ ಬ್ರೇಕ್ ತುಳಿಯಿರಿ. ಕಾಲಿನ ಕೆಳಗೆ ಪೆಡಲ್ ಗಡಗಡ ನಡುಗಿದರೆ ಎಬಿಎಸ್, ಅಂದರೆ ಚಕ್ರ ಪೂರ್ತಿ ನಿಂತು ಜಾರದ ಹಾಗೆ ತಡೆಯುವ ವ್ಯವಸ್ಥೆ, ಕೆಲಸ ಶುರು ಮಾಡಿದೆ ಅಂತ ಅರ್ಥ. ಎಬಿಎಸ್ ಇಲ್ಲದ ಕಾರಾದರೆ ಚಕ್ರ ನಿಂತು ಟೈರ್ ಕಿರುಚುತ್ತದೆ. ಎರಡರಲ್ಲೂ ಸುದ್ದಿ ಒಂದೇ. ಟೈರು ತಡೆದುಕೊಳ್ಳುವುದಕ್ಕಿಂತ ಜಾಸ್ತಿ ಬಲ ಬ್ರೇಕ್‌ನಲ್ಲಿ ಈಗಾಗಲೇ ಇದೆ. ಇಂಥ ಕಾರಿಗೆ ಇನ್ನೂ ದೊಡ್ಡ ಬ್ರೇಕ್ ಹಾಕಿದರೆ ಒಂದು ಸಲದ ತುರ್ತು ಬ್ರೇಕಿಂಗ್‌ನಲ್ಲಿ ದೂರ ಕಡಿಮೆಯಾಗುವುದಿಲ್ಲ. ಒಳ್ಳೆಯ ಟೈರ್ ಹಾಕಿದರೆ ಕಡಿಮೆಯಾಗುತ್ತದೆ, ಮಳೆಯಲ್ಲಂತೂ ಇನ್ನೂ ಎದ್ದು ಕಾಣುತ್ತದೆ.

ಹಾಗಾದರೆ ಬ್ರೇಕ್ ಅಪ್‌ಗ್ರೇಡ್‌ನಿಂದ ಸಿಗುವುದೇನು? ಎರಡು ಸಿಗುತ್ತವೆ. ಒಂದು, ಮತ್ತೆ ಮತ್ತೆ ಬ್ರೇಕ್ ಹಾಕಿದಾಗ ಬರುವ ಬಿಸಿಯನ್ನು ತಡೆದುಕೊಳ್ಳುವ ಶಕ್ತಿ. ಎರಡು, ಪೆಡಲ್ ಮೇಲಿನ ಹಿಡಿತ, ಅಂದರೆ ಎಷ್ಟು ಒತ್ತಿದರೆ ಎಷ್ಟು ನಿಲ್ಲುತ್ತದೆ ಅನ್ನುವುದು ಕಾಲಿಗೆ ಸರಿಯಾಗಿ ತಿಳಿಯುವುದು. ಎರಡೂ ಬೆಲೆಯುಳ್ಳವೇ. ಆದರೆ ನಿಮಗೆ ಅವು ಬೇಕಾ ಅನ್ನುವುದನ್ನು ನಿಮ್ಮ ತೊಂದರೆ ಹೇಳಬೇಕು.

## ತೊಂದರೆ ಯಾವುದು ಅಂತ ಪೆಡಲ್ ಹೇಳುತ್ತದೆ

ಪೆಡಲ್ ಗಟ್ಟಿಯಾಗೇ ಇದೆ, ಎಷ್ಟು ಒತ್ತಿದರೂ ಕಾರು ನಿಲ್ಲುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಅಂದರೆ ಪ್ಯಾಡ್ ತನ್ನ ಮಿತಿಗಿಂತ ಜಾಸ್ತಿ ಬಿಸಿಯಾಗಿ ಹಿಡಿತ ಬಿಟ್ಟಿದೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿ ಕೆಳಗೆ ಹೋಗುತ್ತಿದ್ದರೆ ಆಯಿಲ್ ಕುದ್ದಿದೆ, ಅಥವಾ ಎಲ್ಲೋ ಗಾಳಿ ಸೇರಿದೆ. ಬ್ರೇಕ್ ಹಿಡಿದಾಗ ಸ್ಟಿಯರಿಂಗ್ ನಡುಗಿದರೆ ಡಿಸ್ಕ್ ಮೈ ಸಮವಾಗಿಲ್ಲ. ಕಾರು ಒಂದು ಕಡೆಗೆ ಎಳೆದರೆ ಆ ಬದಿಯ ಅಥವಾ ಎದುರು ಬದಿಯ ಕ್ಯಾಲಿಪರ್ ಜಾಮ್ ಆಗಿರಬಹುದು. ಕೊನೆಯ ಎರಡು ರಿಪೇರಿಯ ಮಾತು, ಅಪ್‌ಗ್ರೇಡ್‌ನದ್ದಲ್ಲ. ಹಳೆಯ ಬ್ರೇಕ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡದೆ ಹೊಸದು ಕೊಳ್ಳಬೇಡಿ.

ಇಳಿಜಾರಿನಲ್ಲಿ ಮಾತ್ರ ತೊಂದರೆ ಬರುತ್ತಿದೆಯಾ? ಹಾಗಾದರೆ ಮೊದಲ ಮದ್ದಿಗೆ ದುಡ್ಡೇ ಬೇಡ. ಇಳಿಯುವ ಮುಂಚೆಯೇ ಕೆಳಗಿನ ಗೇರ್‌ಗೆ ಬನ್ನಿ, ಎಂಜಿನ್ ಕಾರನ್ನು ಹಿಡಿದಿಡಲಿ. ಪೆಡಲ್ ಮೇಲೆ ಕಾಲು ಇಟ್ಟೇ ಇಳಿಯುವುದಕ್ಕಿಂತ ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟು ಡಿಸ್ಕ್‌ಗೆ ಉಸಿರಾಡಲು ಬಿಡಿ.

## ಬ್ರೇಕ್ ಆಯಿಲ್

ಜನ ಆಯಿಲ್ ಅಂದರೂ ಇದು ಎಣ್ಣೆಯಲ್ಲ. ಸಾಮಾನ್ಯ ಕಾರುಗಳಲ್ಲಿ ಇರುವುದು ಗ್ಲೈಕಾಲ್ ಜಾತಿಯ ದ್ರವ. ಡಬ್ಬಿಯ ಬಾಯಿ ಬಿಟ್ಟಿಟ್ಟರೆ ಉಪ್ಪು ಹೇಗೆ ಒದ್ದೆಯಾಗುತ್ತದೋ ಹಾಗೆ ಇದೂ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ ಬರುತ್ತದೆ. ಒಂದು ಸಿರಿಂಜಿನಲ್ಲಿ ನೀರು ತುಂಬಿ, ತುದಿ ಮುಚ್ಚಿ ಒತ್ತಿ ನೋಡಿ, ಅಲ್ಲಾಡುವುದಿಲ್ಲ. ಒಂದು ಗುಳ್ಳೆ ಗಾಳಿ ಬಿಟ್ಟು ಒತ್ತಿ, ಒಳಗೆ ಹೋಗುತ್ತದೆ. ಇಳಿಜಾರಿನಲ್ಲಿ ಪೆಡಲ್ ಕೆಳಗೆ ಹೋದದ್ದು ಹೀಗೇ.

ಡಬ್ಬಿಯ ಮೇಲೆ ಡಾಟ್ 3, ಡಾಟ್ 4, ಡಾಟ್ 5.1 ಅಂತ ಇರುತ್ತದೆ. ಹೊಸದಾಗಿದ್ದಾಗ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ, ಡಾಟ್ 4 ಕನಿಷ್ಠ 230ರವರೆಗೆ, ಡಾಟ್ 5.1 ಕನಿಷ್ಠ 260ರವರೆಗೆ ಕುದಿಯಬಾರದು. ತೇವ ಸೇರಿದ ಮೇಲೆ ಇದೇ ಅಂಕಿಗಳು 140, 155, 180ಕ್ಕೆ ಇಳಿಯುತ್ತವೆ. ಎಷ್ಟು ತೇವಕ್ಕೆ ಇಷ್ಟು ಇಳಿಕೆ ಗೊತ್ತಾ? ನೂರಕ್ಕೆ ನಾಲ್ಕು ಪಾಲಿಗಿಂತಲೂ ಕಡಿಮೆ. ಅಂದರೆ ಹಳೆಯ ಡಾಟ್ 5.1ಕ್ಕಿಂತ ಹೊಸ ಡಾಟ್ 3 ಮೇಲು. ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ ಸಾಕು, ಇಳಿಜಾರಿನ ಭಯ ಎಷ್ಟೋ ಕಡಿಮೆಯಾಗುತ್ತದೆ. ಡಾಟ್ 5 ಮಾತ್ರ ಬೇರೆ ಜಾತಿ, ಅದು ಸಿಲಿಕೋನ್. 5.1 ಅಂದುಕೊಂಡು ಅದನ್ನು ತಂದು ಬೆರೆಸಬೇಡಿ.

ಅಪ್‌ಗ್ರೇಡ್ ಅಂತ ಹುಡುಕುವವರಿಗೆ ಇದು ಸಪ್ಪೆ ಅನ್ನಿಸಬಹುದು, ಕಣ್ಣಿಗೆ ಕಾಣುವ ವಸ್ತುವಲ್ಲ. ಆದರೂ ಮೊದಲ ದುಡ್ಡು ಇದಕ್ಕೇ ಹೋಗಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

## ಪ್ಯಾಡ್: ಜಾಸ್ತಿ ವ್ಯತ್ಯಾಸ ಬರುವ ಜಾಗ

ಬ್ರೇಕ್‌ನಲ್ಲಿ ಒಂದೇ ಒಂದು ಭಾಗ ಬದಲಾಯಿಸುವುದಾದರೆ ಪ್ಯಾಡ್ ಬದಲಾಯಿಸಿ. ಪ್ಯಾಡ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಆರ್ಗ್ಯಾನಿಕ್ ಪ್ಯಾಡ್ ನಾರು, ರಬ್ಬರ್, ಅಂಟು ಸೇರಿಸಿ ಮಾಡಿದ್ದು. ಸದ್ದಿಲ್ಲ, ಡಿಸ್ಕನ್ನು ಅಷ್ಟಾಗಿ ಸವೆಸುವುದಿಲ್ಲ, ಆದರೆ ಬಿಸಿಗೆ ಬೇಗ ಸೋಲುತ್ತದೆ. ಸೆಮಿ ಮೆಟಾಲಿಕ್‌ನಲ್ಲಿ ಕಬ್ಬಿಣದ ಎಳೆ, ಪುಡಿ ಜಾಸ್ತಿ. ಬಿಸಿ ತಡೆಯುತ್ತದೆ, ಬದಲಿಗೆ ಸ್ವಲ್ಪ ಸದ್ದು, ರಿಮ್ ಮೇಲೆ ಕಪ್ಪು ಧೂಳು. ಸೆರಾಮಿಕ್ ಪ್ಯಾಡ್‌ನಲ್ಲಿ ಧೂಳೂ ಕಡಿಮೆ, ಸದ್ದೂ ಕಡಿಮೆ. ದಿನದ ಓಡಾಟಕ್ಕೆ ಚೆನ್ನ. ರೇಸ್ ಟ್ರ್ಯಾಕ್‌ಗೆ ಬೇಕಾದ್ದು ಅದಲ್ಲ.

ಪ್ರತಿ ಪ್ಯಾಡ್‌ಗೂ ತನ್ನದೇ ಬಿಸಿಯ ಅಳತೆ ಇದೆ. ಇದಕ್ಕಿಂತ ಕಡಿಮೆ ಬಿಸಿಯಲ್ಲಿ ಸರಿಯಾಗಿ ಕಚ್ಚುವುದಿಲ್ಲ, ಇದಕ್ಕಿಂತ ಜಾಸ್ತಿಯಲ್ಲಿ ಜಾರುತ್ತದೆ. ಟ್ರ್ಯಾಕ್ ಪ್ಯಾಡ್‌ಗಳ ಅಳತೆ ಶುರುವಾಗುವುದೇ ಮೇಲಿನಿಂದ. ನಾನೊಮ್ಮೆ ಅಂಗಡಿಯವರ ಮಾತು ನಂಬಿ ಅಂಥ ಪ್ಯಾಡ್ ಹಾಕಿಸಿದ್ದೆ. ಮಧ್ಯಾಹ್ನ ಓಡಿಸಿ ನೋಡಿದಾಗ ಅದ್ಭುತವಾಗಿ ಹಿಡಿಯುತ್ತಿತ್ತು. ಮರುದಿನ ಬೆಳಗ್ಗೆ ಆರಕ್ಕೆ ಮನೆಯಿಂದ ಹೊರಟೆ. ಮೊದಲ ಸಿಗ್ನಲ್‌ನಲ್ಲಿ ಯಾವತ್ತಿನಷ್ಟೇ ಕಾಲು ಇಟ್ಟೆ, ಮರದ ಹಲಗೆ ಉಜ್ಜಿದ ಹಾಗಾಯಿತು, ಕಾರು ಬಿಳಿ ಗೆರೆ ದಾಟಿ ಅರ್ಧ ಕಾರಿನುದ್ದ ಮುಂದೆ ಹೋಯಿತು. ರಸ್ತೆ ದಾಟುವವರು ಯಾರೂ ಇರಲಿಲ್ಲ. ಇದ್ದಿದ್ದರೆ ಅನ್ನುವ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅದೇ ವಾರ ಆ ಪ್ಯಾಡ್ ತೆಗೆಸಿದೆ. ಶಾಲೆಯ ಮುಂದೆ ಮಗು ಅಡ್ಡ ಬಂದಾಗ ಬ್ರೇಕ್ ತಣ್ಣಗಿರುತ್ತದೆ. ಪ್ಯಾಡ್ ಆರಿಸುವಾಗ ಮೊದಲು ಕೇಳಬೇಕಾದ್ದು ಅದು ತಣ್ಣಗಿದ್ದಾಗ ಹೇಗೆ ಹಿಡಿಯುತ್ತದೆ ಅಂತ.

ಕೆಲವು ಪ್ಯಾಡ್‌ಗಳ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರಗಳ ಗುರುತು ಇರುತ್ತದೆ. ಮೊದಲಕ್ಷರ ಸಾಧಾರಣ ಬಿಸಿಯಲ್ಲಿ, ಎರಡನೆಯದು ಜಾಸ್ತಿ ಬಿಸಿಯಲ್ಲಿ ಎಷ್ಟು ಹಿಡಿಯುತ್ತದೆ ಅನ್ನುವುದರ ಸೂಚನೆ. ಇ ಕಡಿಮೆ, ಎಫ್ ಮಧ್ಯಮ, ಜಿ ಜಾಸ್ತಿ. ಎಫ್‌ಎಫ್ ಅಂದರೆ ಎರಡರಲ್ಲೂ ಒಂದೇ ಸಮ. ಎಫ್‌ಇ ಅಂದರೆ ಬಿಸಿಯಾದಾಗ ಹಿಡಿತ ಇಳಿಯುತ್ತದೆ. ಒಂದು ಎಚ್ಚರ: ಇದು ಸಣ್ಣ ತುಂಡಿನ ಮೇಲೆ ಮಾಡಿದ ಪ್ರಯೋಗದ ಗುರುತು. ಒಟ್ಟು ಗುಣಮಟ್ಟದ ಪ್ರಮಾಣಪತ್ರವಲ್ಲ. ಯುರೋಪಿನ ನಿಯಮ 90ರ ಗುರುತು ಇದ್ದರೆ ಇನ್ನೂ ಒಳ್ಳೆಯದು. ಆ ಪ್ಯಾಡ್‌ನ ಹಿಡಿತ ಕಂಪನಿಯ ಮೂಲ ಪ್ಯಾಡ್‌ಗಿಂತ ಶೇಕಡಾ 15ಕ್ಕಿಂತ ಜಾಸ್ತಿ ಆಚೀಚೆ ಇರಬಾರದು ಅನ್ನುವುದು ಆ ನಿಯಮ.

## ಡಿಸ್ಕ್: ತೂತು ಬೇಕಾ, ಗೆರೆ ಬೇಕಾ?

ಡಿಸ್ಕ್ ಬಿಸಿಯನ್ನು ಹಿಡಿದಿಡುವ ಪಾತ್ರೆ. ತೆಳು ಪಾತ್ರೆ ಬೇಗ ಕಾಯುತ್ತದೆ, ದಪ್ಪ ಪಾತ್ರೆ ನಿಧಾನ. ಹಾಗಾಗಿ ಡಿಸ್ಕ್‌ನಲ್ಲಿ ಕಬ್ಬಿಣ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಈಗ ತೂತು ಕೊರೆದ ಡಿಸ್ಕ್ ನೋಡಿ. ಕೊರೆದಷ್ಟು ಕಬ್ಬಿಣ ಹೋಯಿತು. ಮಳೆನೀರು ಸ್ವಲ್ಪ ಬೇಗ ಜಾರುತ್ತದೆ, ನೋಡಲು ಚಂದ. ಆದರೆ ತುಂಬ ಬಿಸಿಯಾಗಿ ತಣಿಯುವ ಕೆಲಸದಲ್ಲಿ ಬಿರುಕು ಬಿಡುವುದು ಆ ತೂತಿನ ಅಂಚಿನಿಂದಲೇ. ಗೆರೆ ಕೊರೆದ ಡಿಸ್ಕ್ ಅಷ್ಟು ಬಿರುಕು ಬಿಡುವುದಿಲ್ಲ. ಗೆರೆಗಳು ಪ್ಯಾಡ್ ಮೈಯನ್ನು ಒರೆಸುತ್ತಾ ಹೋಗುತ್ತವೆ. ಬದಲಿಗೆ ಪ್ಯಾಡ್ ಸ್ವಲ್ಪ ಬೇಗ ಸವೆಯುತ್ತದೆ, ಸಣ್ಣ ಗುಂಯ್ ಸದ್ದು ಬರುತ್ತದೆ. ರಸ್ತೆ ಕಾರಿಗೆ ಒಳ್ಳೆಯ ಕಂಪನಿಯ ಸಾದಾ ಡಿಸ್ಕ್ ಸಾಕು. ಅದರ ಎರಡು ಮುಖಗಳ ನಡುವೆ ಗಾಳಿ ಹೋಗುವ ಕಿಂಡಿಗಳಿದ್ದರೆ ಇನ್ನೂ ಚೆನ್ನ.

ಕೆಲವು ಡಿಸ್ಕ್‌ಗಳ ಒಳಗಿನ ಕಿಂಡಿಗಳು ಬಾಗಿರುತ್ತವೆ. ಅವು ಫ್ಯಾನಿನ ಹಾಗೆ ಗಾಳಿ ಎಳೆದು ಹೊರಗೆ ತಳ್ಳುತ್ತವೆ. ಇಂಥವಕ್ಕೆ ಎಡ, ಬಲ ಬೇರೆ ಬೇರೆ. ತಿರುವುಮುರುವಾದರೆ ಗಾಳಿಯ ಲಾಭ ಹೋಯಿತು.

‘ಡಿಸ್ಕ್ ಬೆಂಡ್ ಆಗಿದೆ’ ಅನ್ನುವ ಮಾತನ್ನು ಗ್ಯಾರೇಜುಗಳಲ್ಲಿ ದಿನವೂ ಕೇಳುತ್ತೇವೆ. ಎಷ್ಟೋ ಸಲ ಅದು ಬಗ್ಗಿರುವುದಿಲ್ಲ. ಪ್ಯಾಡ್‌ನ ಪುಡಿ ಒಂದೊಂದು ಕಡೆ ಮೆತ್ತಿಕೊಂಡು ಏರುಪೇರಾಗಿರುತ್ತದೆ, ಇಲ್ಲವೇ ಹಬ್ (ಡಿಸ್ಕ್, ಚಕ್ರ ಎರಡೂ ಕೂರುವ ನಡುಭಾಗ) ಮೇಲಿನ ತುಕ್ಕು ತೆಗೆಯದೆ ಡಿಸ್ಕ್ ಕೂರಿಸಿರುತ್ತಾರೆ. ಉಗುರಿನಷ್ಟು ತುಕ್ಕಿನ ಹಕ್ಕಳೆ ಅಡಿಗೆ ಸಿಕ್ಕಿದರೂ ಸಾಕು, ಡಿಸ್ಕ್ ಅಂಚು ಓಲಾಡುತ್ತದೆ. ಡಿಸ್ಕ್ ಹಾಕುವಾಗ ಪಕ್ಕದಲ್ಲೇ ನಿಂತು ಹಬ್ ಮೈಯನ್ನು ತಂತಿ ಬ್ರಷ್‌ನಿಂದ ಉಜ್ಜಿಸಿ.

## ಸ್ಟೀಲ್ ಹೋಸ್

ಚಕ್ರದ ಹತ್ತಿರ ಆಯಿಲ್ ಹೋಗುವುದು ರಬ್ಬರ್ ಹೋಸ್‌ನಲ್ಲಿ. ಹಳೆಯ ರಬ್ಬರ್ ಒತ್ತಡಕ್ಕೆ ತುಸು ಉಬ್ಬುತ್ತದೆ. ಸ್ಟೀಲ್ ಹೆಣಿಗೆಯ ಹೋಸ್ ಉಬ್ಬುವುದಿಲ್ಲ, ಪೆಡಲ್ ಗಟ್ಟಿಯಾಗಿ ಅನ್ನಿಸುತ್ತದೆ. ನಿಲ್ಲುವ ದೂರ ಇದರಿಂದ ಬದಲಾಗುವುದಿಲ್ಲ. ಹಳೆಯದು ಬಿರುಕು ಬಿಟ್ಟಿದ್ದರೆ ಹೊಸ ರಬ್ಬರ್ ಹಾಕಿದರೂ ಸಾಕು. ಯಾವುದನ್ನೇ ಹಾಕಿದರೂ ಜೋಡಣೆಯ ಬೋಲ್ಟಿನ ಎರಡು ತಾಮ್ರದ ವಾಷರ್ ಹೊಸದಾಗಿರಲಿ.

## ದೊಡ್ಡ ಬ್ರೇಕ್ ಕಿಟ್: ಪಿಸ್ಟನ್ ಎಣಿಸಿದರೆ ಸಾಲದು

ಪಿಸ್ಟನ್ ಜಾಸ್ತಿಯಾದರೆ ಬಲ ಜಾಸ್ತಿ ಅಂತ ಎಲ್ಲರೂ ನಂಬುತ್ತಾರೆ. ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಕಾರಿನ ಕ್ಯಾಲಿಪರ್‌ನಲ್ಲಿ ಒಂದೇ ಪಿಸ್ಟನ್ ಇರುತ್ತದೆ. ಅದು ಒಳಗಿನ ಪ್ಯಾಡನ್ನು ತಳ್ಳುತ್ತದೆ, ಕ್ಯಾಲಿಪರ್ ತಾನೇ ಸರಿದು ಹೊರಗಿನ ಪ್ಯಾಡನ್ನು ಎಳೆಯುತ್ತದೆ. ಆ ಪಿಸ್ಟನ್ ಅಡ್ಡಳತೆ 57 ಮಿಲಿಮೀಟರ್ ಇದ್ದರೆ ಅದರ ಮುಖದ ವಿಸ್ತೀರ್ಣ ಸುಮಾರು 25.5 ಚದರ ಸೆಂಟಿಮೀಟರ್. ಈಗ ನಾಲ್ಕು ಪಿಸ್ಟನ್‌ನ ಕ್ಯಾಲಿಪರ್ ತೆಗೆದುಕೊಳ್ಳಿ, ಒಂದೊಂದೂ 40 ಮಿಲಿಮೀಟರ್. ಲೆಕ್ಕಕ್ಕೆ ಬರುವುದು ಒಂದು ಬದಿಯ ಎರಡು ಮಾತ್ರ, ಎದುರಿನ ಎರಡು ಅದಕ್ಕೆ ಆನಿಕೆ. ಎರಡೂ ಸೇರಿ 25.1 ಚದರ ಸೆಂಟಿಮೀಟರ್. ಅದುಮುವ ಬಲ ಹೆಚ್ಚುಕಡಿಮೆ ಒಂದೇ! ನಾಲ್ಕು ಪಿಸ್ಟನ್‌ನ ಲಾಭ ಬೇರೆ ಕಡೆ ಇದೆ. ಪ್ಯಾಡ್ ಮೇಲೆ ಒತ್ತಡ ಸಮವಾಗಿ ಬೀಳುತ್ತದೆ, ಕ್ಯಾಲಿಪರ್ ಅಷ್ಟು ಬಾಗುವುದಿಲ್ಲ, ದೊಡ್ಡ ಪ್ಯಾಡ್ ಕೂರುತ್ತದೆ.

ನಿಜವಾಗಿ ಬಲ ಹೆಚ್ಚಿಸುವುದು ಡಿಸ್ಕ್‌ನ ಅಡ್ಡಳತೆ. ಬಾಗಿಲನ್ನು ಹಿಡಿಯ ಹತ್ತಿರ ತಳ್ಳುವುದಕ್ಕೂ ತಿರುಗಣಿಯ ಹತ್ತಿರ ತಳ್ಳುವುದಕ್ಕೂ ಇರುವ ವ್ಯತ್ಯಾಸ ಅದು. ದೊಡ್ಡ ಡಿಸ್ಕ್ ಅಂದರೆ ಕಬ್ಬಿಣವೂ ಜಾಸ್ತಿ, ಬಿಸಿಯೂ ತಡೆಯುತ್ತದೆ.

ಅಪಾಯವೂ ಇಲ್ಲೇ ಇದೆ. ಕಾರು ಮಾಡಿದವರು ಮುಂದಿನ ಮತ್ತು ಹಿಂದಿನ ಬ್ರೇಕ್‌ಗಳ ನಡುವೆ ಒಂದು ಪಾಲು ಹಂಚಿಟ್ಟಿರುತ್ತಾರೆ. ಮುಂದೆ ಮಾತ್ರ ತುಂಬ ಬಲವಾದ ಕಿಟ್ ಹಾಕಿದರೆ ಮುಂದಿನ ಟೈರು ಬೇಗ ಮಿತಿ ಮುಟ್ಟುತ್ತದೆ, ಎಬಿಎಸ್ ಒತ್ತಡ ಕಡಿಮೆ ಮಾಡುತ್ತದೆ. ಹಿಂದಿನ ಟೈರು ತನ್ನ ಪಾಲಿನ ಕೆಲಸ ಮಾಡುವುದೇ ಇಲ್ಲ. ಕಾರು ಮೊದಲಿಗಿಂತ ಜಾಸ್ತಿ ದೂರ ಹೋಗಿ ನಿಲ್ಲುತ್ತದೆ. ಇನ್ನೊಂದು, ಪಿಸ್ಟನ್ ವಿಸ್ತೀರ್ಣ ಜಾಸ್ತಿಯಾದರೆ ಅದನ್ನು ತಳ್ಳಲು ಆಯಿಲೂ ಜಾಸ್ತಿ ಬೇಕು. ಮಾಸ್ಟರ್ ಸಿಲಿಂಡರ್ ಹಳೆಯದೇ ಆದ್ದರಿಂದ ಪೆಡಲ್ ಇನ್ನೂ ಕೆಳಗೆ ಹೋಗುತ್ತದೆ. ಅದಕ್ಕೇ ನಿಮ್ಮದೇ ಮಾಡೆಲ್‌ಗೆ ಲೆಕ್ಕ ಹಾಕಿ ಮಾಡಿದ ಕಿಟ್ ಬೇಕು. ಅದೇ ಕಾರಿನ ದುಬಾರಿ ಮಾಡೆಲ್‌ನಲ್ಲಿ ಬರುವ ದೊಡ್ಡ ಬ್ರೇಕನ್ನು ಹಿಂದೆ ಮುಂದೆ ಎರಡೂ ಕಡೆ ತಂದು ಹಾಕುವುದು ಹಲವರಿಗೆ ಒಳ್ಳೆಯ ದಾರಿ. ಅದಕ್ಕೆ ಬೇಕಾದ ಮಾಸ್ಟರ್ ಸಿಲಿಂಡರ್ ಅದೇನಾ ಅಂತ ಮಾತ್ರ ಕೇಳಿ.

ದೊಡ್ಡ ಕ್ಯಾಲಿಪರ್ ರಿಮ್ ಒಳಗೆ ಕೂರಬೇಕು. ರಿಮ್ ಇಂಚು ಹೊಂದಿದರೆ ಸಾಲದು, ಕಡ್ಡಿಗಳ ಒಳಬದಿಗೂ ತಾಗಬಾರದು. ಒಳ್ಳೆಯ ತಯಾರಕರು ಕ್ಯಾಲಿಪರ್ ಆಕಾರದ ನಕ್ಷೆ ಕೊಡುತ್ತಾರೆ. ಅದನ್ನು ಅಸಲಿ ಅಳತೆಯಲ್ಲಿ ಪ್ರಿಂಟ್ ಮಾಡಿ, ರಟ್ಟಿಗೆ ಅಂಟಿಸಿ ಕತ್ತರಿಸಿ, ಚಕ್ರ ಬಿಚ್ಚಿ ಒಳಗೆ ತಿರುಗಿಸಿ ನೋಡಿ. ಎಲ್ಲ ಕಡೆ ಎರಡು ಮೂರು ಮಿಲಿಮೀಟರ್ ಜಾಗ ಉಳಿಯಬೇಕು. ಅದೇ ರಟ್ಟನ್ನು ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಹಿಡಿಯಿರಿ. ನನ್ನ ಗೆಳೆಯರೊಬ್ಬರಿಗೆ ಇದು ಹೊಳೆದದ್ದು ರಾತ್ರಿ ಹನ್ನೊಂದಕ್ಕೆ, ಮುಂದಿನ ಟೈರ್ ಪಂಕ್ಚರ್ ಆಗಿ, ಜ್ಯಾಕ್ ಏರಿಸಿ, ಸ್ಟೆಪ್ನಿ ಹೊಸ ಕ್ಯಾಲಿಪರ್‌ಗೆ ತಾಗಿ ಕೂರದೆ ಹೋದಾಗ.

## ಕೊಳ್ಳುವಾಗ

ಪೂರ್ತಿ ಮಾಡೆಲ್, ತಯಾರಾದ ವರ್ಷ, ಈಗಿನ ಡಿಸ್ಕ್ ಅಡ್ಡಳತೆ ಬರೆದುಕೊಂಡು ಹೋಗಿ. ಒಂದೇ ಕಾರಿನಲ್ಲಿ ವರ್ಷಕ್ಕೊಂದು ಬಗೆಯ ಬ್ರೇಕ್ ಇರುವುದುಂಟು. ಯಾವಾಗಲೂ ಜೋಡಿಯಾಗಿ ಕೊಳ್ಳಿ. ಎಡಕ್ಕೊಂದು ಬಲಕ್ಕೊಂದು ಬಗೆ ಹಾಕಿದರೆ ಕಾರು ಎಳೆಯುತ್ತದೆ. ರೇಸ್‌ಗೆ ಮಾಡಿದ ಕೆಲವು ಕ್ಯಾಲಿಪರ್‌ಗಳಲ್ಲಿ ಪಿಸ್ಟನ್‌ಗೆ ಧೂಳು ತಡೆಯುವ ರಬ್ಬರ್ ಇರುವುದಿಲ್ಲ. ರಸ್ತೆಯ ಮಣ್ಣು, ಮಳೆಗೆ ಅವು ಬೇಗ ಹಾಳಾಗುತ್ತವೆ. ಬರೀ ಕೆಂಪು ಪ್ಲಾಸ್ಟಿಕ್ ಕವಚ ಅಂಟಿಸುವುದಂತೂ ಬೇಡವೇ ಬೇಡ, ಅದು ಬಿಸಿ ಹೊರಹೋಗಲು ಅಡ್ಡ.

ಹೆಸರಾಂತ ಕಂಪನಿಗಳ ನಕಲಿ ಮಾಲು ಬ್ರೇಕ್ ಭಾಗಗಳಲ್ಲೂ ಇದೆ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ಬಿಡಿ. ಪೆಟ್ಟಿಗೆಯ ಮೇಲಿನ ಭಾಗದ ಸಂಖ್ಯೆಯೂ ಪ್ಯಾಡ್ ಬೆನ್ನಿನ ಮೇಲಿನ ಸಂಖ್ಯೆಯೂ ಒಂದೇ ಇರಬೇಕು. ಗುರುತಿನ ಕೋಡ್ ಇದ್ದರೆ ತಯಾರಕರ ಸೈಟ್‌ನಲ್ಲಿ ಹಾಕಿ ನೋಡಿ. ಹಾಗೆಯೇ ಬ್ರೇಕ್ ಬದಲಾವಣೆಗೆ ಒಪ್ಪಿಗೆ ಬೇಕೇ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ನೋಂದಣಿ ಕಚೇರಿಯಲ್ಲೂ ವಿಮೆಯವರಲ್ಲೂ ಮೊದಲೇ ಕೇಳಿ ಬರಹದಲ್ಲಿ ಪಡೆಯಿರಿ.

## ಹಾಕಿಸಿದ ಮೇಲೆ

ಹೊಸ ಪ್ಯಾಡ್ ಕೂರಿಸುವಾಗ ಪಿಸ್ಟನ್‌ಗಳನ್ನು ಹಿಂದಕ್ಕೆ ತಳ್ಳಿರುತ್ತಾರೆ. ಹಾಗಾಗಿ ಮೊದಲ ಸಲ ತುಳಿದಾಗ ಪೆಡಲ್ ನೆಲಕ್ಕೇ ಹೋಗುತ್ತದೆ, ಕಾರು ನಿಲ್ಲುವುದೇ ಇಲ್ಲ. ಗೇರ್ ಹಾಕುವ ಮುಂಚೆ, ಕಾರು ನಿಂತಲ್ಲೇ, ಪೆಡಲ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ. ಇದನ್ನು ಮರೆತು ಗ್ಯಾರೇಜಿನ ಗೋಡೆಗೆ ಗುದ್ದಿದ ಕಾರುಗಳಿವೆ.

ಆಮೇಲೆ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ 60 ಕಿಲೋಮೀಟರ್ ವೇಗದಿಂದ 15ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ, ಮತ್ತೆ ವೇಗ ಏರಿಸಿ. ಹೀಗೆ ಎಂಟು ಹತ್ತು ಸಲ. ಪೆಟ್ಟಿಗೆಯಲ್ಲಿ ತಯಾರಕರ ಸೂಚನೆ ಇದ್ದರೆ ಅದರಂತೆ ಮಾಡಿ. ಕೊನೆಗೆ ಹತ್ತು ನಿಮಿಷ ಬ್ರೇಕ್ ಹೆಚ್ಚು ಮುಟ್ಟದೆ ಓಡಿಸಿ ತಣಿಸಿ. ಬಿಸಿ ಇರುವಾಗ ನಿಲ್ಲಿಸಿ ಪೆಡಲ್ ಒತ್ತಿ ಹಿಡಿದರೆ ಪ್ಯಾಡ್‌ನ ಗುರುತು ಡಿಸ್ಕ್ ಮೇಲೆ ಅಚ್ಚಾಗುತ್ತದೆ, ನಡುಕ ಅಲ್ಲಿಂದಲೇ ಶುರು. ಸರಿಯಾಗಿ ಆದರೆ ಡಿಸ್ಕ್ ಮೈಯಲ್ಲಿ ಸಮನಾದ ಬೂದು ನೀಲಿ ಪದರ ಕಾಣುತ್ತದೆ.

ಮರುದಿನ ಬೆಳಗ್ಗೆ ಟಾರ್ಚ್ ಹಿಡಿದು ಬಗ್ಗಿ ಹೋಸ್ ಜೋಡಣೆಗಳನ್ನು ನೋಡಿ, ಬೆರಳಿನಿಂದ ಮುಟ್ಟಿ. ಒದ್ದೆ ಅನ್ನಿಸಿದರೆ ಕಾರು ತೆಗೆಯಬೇಡಿ, ಮೆಕ್ಯಾನಿಕ್‌ನನ್ನೇ ಅಲ್ಲಿಗೆ ಕರೆಸಿ.